ಫೆಡರಲ್ ಕೋರ್ಟಿಗೆ ಹೋದ ನನ್ನ ರಂಗೋಲಿ

ಜಯನಗರ, ಹೊರಡುವ ಮುಂಚೆ

ನಮ್ಮ ಯಜಮಾನರು ಅಮೆರಿಕಕ್ಕೆ ಹೋಗಿದ್ದು ಅಲ್ಲಿಯ ಕೋರ್ಟು ನೋಡಲು. ನಾನು ಹೋಗಿದ್ದು ಅವರಿಗೆ ಹೊತ್ತಿಗೆ ಸರಿಯಾಗಿ ಅನ್ನ ಸಾರು ಮಾಡಿ ಹಾಕಲು. ಕೊನೆಗೆ ಸಾಕ್ಷಿ ಹೇಳಿದ್ದು ನಾನು. ಅವರು ಹೊರಗೆ ಬೆಂಚಿನ ಮೇಲೆ ನನ್ನ ಕೈಚೀಲ ಹಿಡಿದುಕೊಂಡು ಕೂತಿದ್ದರು. ಇದನ್ನು ಅವರು ಬರೆದರೆ ಕೈಚೀಲದ ವಿಷಯ ಖಂಡಿತ ಬಿಟ್ಟುಬಿಡುತ್ತಾರೆ, ಅದಕ್ಕೇ ನಾನೇ ಬರೆಯಲು ಕೂತಿದ್ದೇನೆ.

ಯಜಮಾನರು ಸದಾಶಿವಯ್ಯ, ಬೆಂಗಳೂರಿನ ಸಿವಿಲ್ ಕೋರ್ಟಿನಲ್ಲಿ ವಕೀಲರು. ಅಲ್ಲಿನ ಫೆಡರಲ್ ನ್ಯಾಯಾಲಯಗಳಲ್ಲಿ ಸಿವಿಲ್ ದಾವೆ ಹೇಗೆ ನಡೆಯುತ್ತದೆಂದು ಕೆಲವು ತಿಂಗಳು ಇದ್ದು ನೋಡಿ ಬನ್ನಿ ಎಂದು ಒಂದು ಸಂಸ್ಥೆ ಅವರನ್ನು ಕರೆಸಿಕೊಂಡಿತು. ನನ್ನ ಖರ್ಚು ತವರಿನವರದು. ಜಯನಗರದಲ್ಲಿ ಆಗಿನ್ನೂ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಆದರೂ ಸುದ್ದಿ ಹಬ್ಬುವುದಕ್ಕೆ ಎರಡು ದಿನ ಸಾಕಾಯಿತು.

ಬೀದಿಯವರೆಲ್ಲ ಬಂದು ಶುಭ ಹಾರೈಸಿದರು, ಪಕ್ಕದ ಮನೆ ಕಮಲಮ್ಮ ಒಬ್ಬರನ್ನು ಬಿಟ್ಟು. ಬರುವುದು ಹೇಗೆ? ಅವರ ಮೇಲೆ ನಮ್ಮದೇ ದಾವೆ ಇತ್ತಲ್ಲ! ಎರಡು ಮನೆಯ ನಡುವಿನ ಕಾಂಪೌಂಡಿನ ಬುಡದಲ್ಲಿ ನೀರು ನಿಲ್ಲುತ್ತಿತ್ತು. ಅದು ನಿಮ್ಮ ಬಚ್ಚಲಿನದು ಎಂದು ನಾವು, ನಿಮ್ಮದು ಎಂದು ಅವರು. ಯಜಮಾನರು ದಾವೆ ಹಾಕಿ ಎಷ್ಟೋ ವರ್ಷವಾಗಿ, ವಾಯಿದೆಯ ಮೇಲೆ ವಾಯಿದೆ ಬಿದ್ದು, ನಾವು ಹೊರಡುವ ಹೊತ್ತಿಗೆ ಆ ನೀರಿನಲ್ಲಿ ಕೆಸವಿನ ಗಿಡ ಬೆಳೆದಿತ್ತು. ನಾನೂ ಕಮಲಮ್ಮನೂ ಹೊಸಮನೆಗೆ ಒಂದೇ ದಿನ ಹಾಲುಕ್ಕಿಸಿದವರು. ಈಗ ಒಬ್ಬರು ಅಂಗಳಕ್ಕೆ ಬಂದರೆ ಇನ್ನೊಬ್ಬರು ಒಳಗೆ ಹೋಗುತ್ತಿದ್ದೆವು.

ಸಾರಕ್ಕಿಯಿಂದ ಸೊಪ್ಪು ತರುತ್ತಿದ್ದ ಮುನಿಯಮ್ಮ ಮಾತ್ರ ಕೆಲಸಕ್ಕೆ ಬರುವ ಪ್ರಶ್ನೆ ಕೇಳಿದಳು.

"ಅಕ್ಕಾ, ಅಮ್ರಿಕಾದಾಗೆ ಬಾಗಿಲ ಮುಂದ್ಕೆ ಏನಾಕ್ತಾರೆ?"

"ನಂಗೇನ್ ಗೊತ್ತೇ, ನಾನೇನ್ ನೋಡಿದೀನಾ?"

"ಹಂಗಾದ್ರೆ ರಂಗೋಲಿ ಪುಡಿ ಇಕ್ಕೊಂಡೋಗಿ. ಹೋದ ಮನೆ ಬಾಗಿಲು ಬಣಗುಟ್ಟಬಾರ್ದು."

ಬಿಸ್ಕತ್ತಿನ ಡಬ್ಬದ ತುಂಬ ಬಿಳಿ ಪುಡಿ, ಜೊತೆಗೆ ಕೆಂಪು ಹಳದಿ ಪೊಟ್ಟಣಗಳು, ಸೀರೆಗಳ ನಡುವೆ ಕೂತವು.

ನ್ಯೂಯಾರ್ಕ್

ವಿಮಾನದಿಂದ ಇಳಿದದ್ದೇ ತಡ, ಸುಂಕದವನು ಆ ಡಬ್ಬವನ್ನೇ ತೆಗೆದ. ಬಿಳಿ ಪುಡಿ! ಇದೇನು ಎಂದ. ಯಜಮಾನರು ಕೋಟಿನ ಗುಂಡಿ ಹಾಕಿಕೊಂಡು, ಗಂಟಲು ಸರಿಮಾಡಿಕೊಂಡು, "ಮಹಾಸ್ವಾಮಿ, ಇದು ಗೃಹದ ಪ್ರವೇಶದ್ವಾರಕ್ಕೆ ಸಂಬಂಧಿಸಿದ ಪಾರಂಪರಿಕ" ಎಂದು ಶುರುಮಾಡಿದರು. ಅಷ್ಟರಲ್ಲಿ ಅವನು ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡುಬಿಟ್ಟ.

"ಅಯ್ಯಯ್ಯೋ, ಕಲ್ಲಿನ ಪುಡಿ ಕಣಪ್ಪಾ, ಉಗಿಯೋ!" ಎಂದು ನಾನು ಕನ್ನಡದಲ್ಲೇ ಕೂಗಿದೆ. ಮುಖ ನೋಡಿಯೇ ಅರ್ಥವಾಯಿತೇನೋ, ಉಗಿದ. ಇನ್ನು ಬಾಯಿಮಾತಿನಿಂದ ಆಗುವುದಿಲ್ಲವೆಂದು ಅವನ ಮೇಜಿನ ಮೇಲೇ ಚುಕ್ಕಿ ಇಟ್ಟು ಒಂದು ಪುಟ್ಟ ಕಮಲ ಎಳೆದು ತೋರಿಸಿದೆ. ಅವನು ಆಚೀಚೆ ಮೇಜಿನವರನ್ನೆಲ್ಲ ಕರೆದ. ನಮ್ಮ ಹಿಂದಿನ ಸಾಲು ಅಷ್ಟುದ್ದ ಬೆಳೆಯಿತು. ಕೊನೆಗೆ ಅವನು ಪೆಟ್ಟಿಗೆಯ ಮೇಲೆ ಸೀಮೆಸುಣ್ಣದ ಗೀಟು ಹಾಕಿ ಹೋಗಿ ಎಂದ. ಕಮಲವನ್ನು ಒರೆಸಲಿಲ್ಲ, ನಾನು ತಿರುಗಿ ನೋಡಿದೆ.

ಫಿಲಡೆಲ್ಫಿಯ

ನಮಗೆ ಕೋಣೆ ಗೊತ್ತುಮಾಡಿದ್ದು ರೂತ್ ಎಂಬ ವಿಧವೆಯ ಮನೆಯಲ್ಲಿ. ಅರವತ್ತು ದಾಟಿದ, ಗಟ್ಟಿ ದನಿಯ ಹೆಂಗಸು. ಮೇಲಿನ ಕೋಣೆಗಳನ್ನು ಬಾಡಿಗೆಗೆ ಕೊಟ್ಟು ಜೀವನ. ನಾನು ಮೊದಲ ದಿನವೇ ರೂತಮ್ಮ ಎಂದೆ. "ಅಮ್ಮ ಅಂದ್ರೆ ಏನು?" ಎಂದರು. ನನಗೆ ಬಂದಷ್ಟು ಇಂಗ್ಲಿಷಿನಲ್ಲಿ ಹೇಳಿದೆ. ಆಮೇಲೆ ಬೇರೆ ಯಾರಾದರೂ ಬರೀ ರೂತ್ ಎಂದರೆ ನನ್ನ ಕಡೆ ನೋಡಿ ಕಣ್ಣು ಮಿಟುಕಿಸುತ್ತಿದ್ದರು.

ಆ ಮನೆಯಲ್ಲಿ ನನಗೆ ಅರ್ಥವಾಗದ್ದು ಬಹಳ. ಬೆಳಗಿನ ತಿಂಡಿಗೆ ಒಣ ಅವಲಕ್ಕಿಯಂಥದ್ದಕ್ಕೆ ತಣ್ಣನೆ ಹಾಲು ಸುರಿದು ತಿನ್ನುತ್ತಾರೆ, ಹೊಟ್ಟೆಗೆ ಪಾಪ ಬೆಚ್ಚಗೆ ಏನೂ ಇಲ್ಲ. ಬೂಟು ಹಾಕಿಕೊಂಡೇ ಅಡುಗೆಮನೆಗೆ ಬರುತ್ತಾರೆ. ಆದರೆ ಒಂದು ವಿಷಯ ನೋಡಿ ನಾನು ಕುಣಿದಾಡಿಬಿಟ್ಟೆ. ಆ ಬೀದಿಯ ಮನೆಗಳ ಮುಂದೆಲ್ಲ ಬಿಳಿ ಅಮೃತಶಿಲೆಯ ಮೆಟ್ಟಿಲು. ಹೆಂಗಸರು ಬೆಳಗಾಗೆದ್ದು ಮಂಡಿಯೂರಿ ಅವನ್ನು ತಿಕ್ಕಿ ತಿಕ್ಕಿ ತೊಳೆಯುತ್ತಾರೆ! ತೊಳೆದು ಹಾಗೇ ಬರಿದಾಗಿ ಬಿಟ್ಟು ಒಳಗೆ ಹೋಗುತ್ತಾರಲ್ಲ, ಅದೊಂದೇ ಕೊರತೆ.

ಮಾರನೆ ದಿನದಿಂದ ರೂತಮ್ಮ ತೊಳೆಯುವುದು, ನಾನು ಚುಕ್ಕಿ ಇಡುವುದು. ಕೆಳಗಿನಿಂದ ಮೂರನೆಯ ಮೆಟ್ಟಿಲು ಅಗಲವಾಗಿತ್ತು, ಅದನ್ನೇ ಆರಿಸಿಕೊಂಡೆ. ಅಂಚೆಯವನು ಕಮಲವನ್ನು ತುಳಿಯಬಾರದೆಂದು ಹಾರಲು ಹೋಗಿ ದಿನಾ ಒಂದು ಕಾಗದವಾದರೂ ಬೀಳಿಸುತ್ತಿದ್ದ.

ಆ ಮೂರನೆಯ ಮೆಟ್ಟಿಲೇ ದಾವೆಯ ಮೂಲವೆಂದು ನನಗೆ ಯಾರೂ ಹೇಳಿರಲಿಲ್ಲ.

ರೂತಮ್ಮನ ಅಡುಗೆಮನೆ

ಒಂದು ಸಂಜೆ ಉಪ್ಪಿಟ್ಟು ತಿನ್ನುತ್ತ ರೂತಮ್ಮ ಎಲ್ಲ ಹೇಳಿಕೊಂಡರು. ಹಾರ್ಲನ್ ಎಂಬಾತ ಪಿಯಾನೋ ಶ್ರುತಿ ಮಾಡುವವನು, ಓಹಾಯೋ ರಾಜ್ಯದವನು. ವರ್ಷಕ್ಕೆರಡು ಸಲ ಕೆಲಸದ ಮೇಲೆ ಬಂದು ಇದೇ ಮನೆಯಲ್ಲಿ ಉಳಿಯುತ್ತಿದ್ದ. ಮುಂಗೋಣೆಯ ಪಿಯಾನೋವನ್ನು ಸ್ನೇಹಕ್ಕೆ ಶ್ರುತಿ ಮಾಡಿಕೊಡುತ್ತಿದ್ದ. ಹೋದ ಚಳಿಗಾಲದಲ್ಲಿ ಆ ಮೆಟ್ಟಿಲ ಮೇಲೆ ಜಾರಿ ಬಿದ್ದು ಸೊಂಟ ಮುರಿಯಿತು. ಮಂಜುಗಡ್ಡೆ ಕಟ್ಟಿತ್ತು, ಮೆಟ್ಟಿಲು ಸರಿಯಿಲ್ಲ, ಪರಿಹಾರ ಕೊಡಿ ಎಂದು ದಾವೆ ಹಾಕಿದ. ರೂತಮ್ಮ ವಿಮೆ ಮಾಡಿಸಿರಲಿಲ್ಲ. ಸೋತರೆ ಕೊಡಲು ಇದ್ದದ್ದು ಆ ಮನೆ ಒಂದೇ.

"ಆದರೆ ಇಷ್ಟಕ್ಕೆ ಫೆಡರಲ್ ಕೋರ್ಟು ಯಾಕೆ?" ಎಂದು ನಾನು ಯಜಮಾನರನ್ನು ಕನ್ನಡದಲ್ಲಿ ಕೇಳಿದೆ.

"ಅವನು ಒಂದು ರಾಜ್ಯ, ಈಯಮ್ಮ ಇನ್ನೊಂದು ರಾಜ್ಯ. ಇಲ್ಲಿನ ಕೋರ್ಟು ಇಲ್ಲಿನವರ ಪಕ್ಷ ವಹಿಸೀತು ಅಂತ ಅವನಿಗೆ ಭಯ ಇರುತ್ತಲ್ಲ. ಕೇಳಿದ ಪರಿಹಾರವೂ ದೊಡ್ಡದಾಗಿದ್ರೆ ಕೇಂದ್ರದ ಕೋರ್ಟಿಗೆ ಹೋಗ್ಬಹುದು. ಆದ್ರೆ ತಪ್ಪು ಯಾರದು ಅಂತ ಅಳೆಯೋದು ಈ ರಾಜ್ಯದ ಕಾನೂನಿಂದ್ಲೇ. ಪಾತ್ರೆ ಕೇಂದ್ರದ್ದು, ಸಾರು ಊರಿಂದು ಅಂತಿಟ್ಕೋ."

ರೂತಮ್ಮ ದಾವೆಯ ಪತ್ರ ತಂದು ಕೊಟ್ಟರು. ಯಜಮಾನರು ತಿರುಗಿಸಿ ಮುರುಗಿಸಿ ನೋಡಿದರು. ಎರಡೇ ಹಾಳೆ!

"ಇಷ್ಟೇನಾ? ನಮ್ಮ ಚರಂಡಿ ದಾವೇನ ನಾನು ನಮ್ಮಜ್ಜನ ಕಾಲದಿಂದ ಶುರುಮಾಡಿದ್ದೆ."

ಇಲ್ಲಿ ಏನಾಯಿತು, ಏನು ಬೇಕು ಎಂದು ಚಿಕ್ಕದಾಗಿ ಹೇಳಿದರೆ ಸಾಕಂತೆ. ಮಿಕ್ಕದ್ದನ್ನು ಆಮೇಲೆ ಒಬ್ಬರನ್ನೊಬ್ಬರು ಕೇಳಿ ತಿಳಿದುಕೊಳ್ಳುತ್ತಾರಂತೆ. ಸಮನ್ಸು ತಂದವನು ಸರ್ಕಾರದ ಮಾರ್ಷಲ್. ನಮ್ಮಲ್ಲಿ ಕೋರ್ಟಿನ ಅಮೀನ ಬೀದಿಯ ತುದಿಯಲ್ಲಿ ಕಂಡರೆ ಹಿತ್ತಲ ಬಾಗಿಲಿಂದ ಓಡುವವರಿದ್ದಾರೆ. ರೂತಮ್ಮ ಅವನನ್ನು ಕೂರಿಸಿ ಕಾಫಿ ಕೊಟ್ಟರಂತೆ. ಇಪ್ಪತ್ತು ದಿನದೊಳಗೆ ಉತ್ತರ ಕೊಡದಿದ್ದರೆ ಸುಮ್ಮನಿದ್ದದ್ದಕ್ಕೇ ಸೋಲು. ವಾಯಿದೆ ಕೇಳುವುದಿಲ್ಲವೇ ಎಂದು ಯಜಮಾನರು ಪೆಚ್ಚಾಗಿ ಕೇಳಿದರು, ಪಾಪ.

ರೂತಮ್ಮನ ವಕೀಲ ಬಿಲ್ ಎಂಬ ಕೆಂಗೂದಲಿನ ಯುವಕ. ಅವನು ಬರೆದ ಉತ್ತರವೂ ಚಿಕ್ಕದೇ: ಮೆಟ್ಟಿಲು ಸಮವಾಗಿದೆ, ಅದರ ಮೇಲೆ ನೀರು ನಿಲ್ಲುವುದಿಲ್ಲ, ಹಾರ್ಲನ್ ಬಿದ್ದದ್ದು ಸ್ವಂತ ಅಜಾಗರೂಕತೆಯಿಂದ, ಬಹುಶಃ ಕುಡಿದು. ಆ ರಾಜ್ಯದ ಆಗಿನ ಕಾನೂನಿನಂತೆ ಬಿದ್ದವನದು ಕೊಂಚ ತಪ್ಪಿದ್ದರೂ ಅವನಿಗೆ ಏನೂ ಸಿಕ್ಕುವುದಿಲ್ಲ. ಆ ಒಂದು ಮಾತಿನ ಮೇಲೆ ಮನೆ ನಿಂತಿತ್ತು.

"ಅವನು ಕುಡಿಯೋದನ್ನ ನಾನು ನೋಡಿಲ್ಲ," ಎಂದರು ರೂತಮ್ಮ, ತಟ್ಟೆಯನ್ನೇ ನೋಡುತ್ತ. "ಆದರೆ ಮೆಟ್ಟಿಲು ಸರಿಯಾಗೇ ಇದೆ. ಮತ್ತೆ ಯಾಕೆ ಬಿದ್ದ?"

ಆಗ ನನಗೆ ಏನೂ ಹೊಳೆಯಲಿಲ್ಲ. ಇನ್ನೊಂದು ಸೌಟು ಉಪ್ಪಿಟ್ಟು ಬಡಿಸಿದೆ.

ತಪಾಸಣೆಯ ಬೆಳಿಗ್ಗೆ

ಮುಂದಿನದು ಯಜಮಾನರಿಗೆ ನಿದ್ದೆ ಕೆಡಿಸಿದ ಸಂಗತಿ. ಇಲ್ಲಿ ವಿಚಾರಣೆಗೆ ಮುಂಚೆಯೇ ಎರಡು ಕಡೆಯವರೂ ತಮ್ಮ ಕೈಲಿರುವುದನ್ನು ಇನ್ನೊಬ್ಬರಿಗೆ ತೋರಿಸಬೇಕು. ಬರೆದು ಕೇಳಿದ ಪ್ರಶ್ನೆಗೆ ಪ್ರಮಾಣ ಮಾಡಿ ಉತ್ತರ ಬರೆಯಬೇಕು. ಜಡ್ಜರ ಅಪ್ಪಣೆ ಪಡೆದರೆ ಎದುರಾಳಿ ನಿಮ್ಮ ಮನೆಗೇ ಬಂದು ಅಳತೆ ಹಿಡಿಯಬಹುದು.

"ಎಲ್ಲಾ ಮೊದ್ಲೇ ತೋರಿಸ್ಬಿಟ್ರೆ ವಕೀಲ ಯಾಕೇ ಬೇಕು?" ಎಂದು ಕೋಣೆಯಲ್ಲಿ ಶತಪಥ ಹಾಕಿದರು. "ಕೊನೇ ಗಳಿಗೇಲಿ ಕಾಗದ ತೆಗೆದು ಟಪ್ ಅಂತ ಮೇಜಿನ ಮೇಲೆ ಹಾಕೋ ಮಜಾನೇ ಇಲ್ವಲ್ಲೇ ಗಿರಿಜಾ!"

ಹಾಗೆ ಒಂದು ಶುಕ್ರವಾರ ಮೆಟ್ಟಿಲು ನೋಡಲು ಎದುರು ಕಡೆಯವರು ಬರುತ್ತಾರೆಂದು ರೂತಮ್ಮ ಹಿಂದಿನ ದಿನ ಹೇಳಿದರು. ನಾನು ಕೇಳಿಸಿಕೊಂಡದ್ದು ಎರಡೇ: ಶುಕ್ರವಾರ, ಮನೆಗೆ ಜನ ಬರುತ್ತಾರೆ. ಜಯನಗರದ ಹೆಂಗಸಿಗೆ ಇನ್ನೇನು ಬೇಕು? ಬೇಗನೆದ್ದು, ಮೆಟ್ಟಿಲನ್ನು ನಾನೇ ತೊಳೆದು, ಹದಿನೈದು ಚುಕ್ಕಿಯಿಂದ ಒಂದಕ್ಕೆ ಇಳಿಸಿ, ದೊಡ್ಡ ಕಮಲ ಬಿಟ್ಟು, ಕೆಂಪು ಹಳದಿ ತುಂಬಿ, ಅಂಚಿಗೆ ಬಳ್ಳಿ ಎಳೆದೆ. ಅದಕ್ಕಿಂತ ಚೆನ್ನಾಗಿ ನಾನು ಯಾವತ್ತೂ ಹಾಕಿಲ್ಲ.

ಹಾರ್ಲನ್ನನ ವಕೀಲ ತೆಂಗಿನ ಮರದಷ್ಟು ಉದ್ದದ ಮನುಷ್ಯ. ಕ್ಯಾಮೆರಾದವನನ್ನೂ ಅಳತೆಯವನನ್ನೂ ಕರೆದುಕೊಂಡು ಬಂದವನು ಮೂರನೆಯ ಮೆಟ್ಟಿಲ ಮುಂದೆ ಕಾಲು ಎತ್ತಿದವನು ಎತ್ತಿದ ಹಾಗೇ ನಿಂತ.

"ತಪಾಸಣೆಯ ಜಾಗವನ್ನು ಯಾರು ಬದಲಾಯಿಸಿದ್ದು?"

"ನಾನೇ!" ಎಂದೆ, ಸೆರಗು ಹೊದ್ದುಕೊಂಡು ಮುಂದೆ ಬಂದು. "ಚೆನ್ನಾಗಿದೆಯಾ?"

ಬಿಲ್ ತಲೆಯ ಮೇಲೆ ಕೈ ಇಟ್ಟುಕೊಂಡ. ಯಜಮಾನರು "ಹಾಳಾಯ್ತು" ಎಂದರು, ಮೆಲ್ಲಗೆ. ಸಾಕ್ಷ್ಯವನ್ನು ಮುಚ್ಚಿದ್ದಾರೆ ಎಂದು ಉದ್ದನೆಯವನು, ಇದು ಧರ್ಮದ ಆಚಾರ ಎಂದು ಬಿಲ್, ನಡುಬೀದಿಯಲ್ಲಿ ವಾದ. ಅಕ್ಕಪಕ್ಕದ ಹೆಂಗಸರು ಮೆಟ್ಟಿಲು ತಿಕ್ಕುವುದನ್ನು ಬಿಟ್ಟು ಬಂದು ನಿಂತರು. ಕ್ಯಾಮೆರಾದವನು ಮಾತ್ರ ನನ್ನ ಪಕ್ಷ, ಆರೇಳು ಪಟ ತೆಗೆದುಕೊಂಡ. ಅದರಲ್ಲೊಂದು ಆಮೇಲೆ ದಾಖಲೆಯಾಗಿ ದಾವೆಯ ಕಡತಕ್ಕೆ ಸೇರಿತು. ಕಮಲವನ್ನು ತೊಳೆದು ಅಳತೆಪಟ್ಟಿ ಇಟ್ಟರು. ಮೆಟ್ಟಿಲು ಕಣ್ಣಿಗೂ ಪಟ್ಟಿಗೂ ಸಮವೇ ಕಂಡಿತು. ಬಿಲ್ ಉಸಿರು ಬಿಟ್ಟ.

ಆದರೆ ಮಾರನೆ ವಾರ ನನ್ನ ಹೆಸರಿಗೆ ನೋಟೀಸು ಬಂತು. ಡಿಪೊಸಿಷನ್ನಿಗೆ ಬರಬೇಕಂತೆ.

ಜಡ್ಜರಿಲ್ಲದ ಸಾಕ್ಷಿ

ಡಿಪೊಸಿಷನ್ ಎಂದರೆ ವಿಚಾರಣೆಗೆ ಮುಂಚೆ ಸಾಕ್ಷಿಯನ್ನು ಕೂರಿಸಿಕೊಂಡು ಪ್ರಮಾಣದ ಮೇಲೆ ಕೇಳುವುದು. ನಡೆಯುವುದು ಕೋರ್ಟಿನಲ್ಲಲ್ಲ, ವಕೀಲರ ಕಚೇರಿಯ ಒಂದು ಕೋಣೆಯಲ್ಲಿ. ನಾನು ರೇಷ್ಮೆ ಸೀರೆ ಉಟ್ಟು, ಕೈಚೀಲವನ್ನು ಹೊರಗೆ ಬೆಂಚಿನ ಮೇಲೆ ಕೂತ ಯಜಮಾನರಿಗೆ ಕೊಟ್ಟು ಒಳಗೆ ಹೋದರೆ ಅಲ್ಲಿ ಜಡ್ಜರೂ ಇಲ್ಲ, ಜವಾನನೂ ಇಲ್ಲ. ಮೇಜಿನ ಒಂದು ಕಡೆ ರೂತಮ್ಮ, ಬಿಲ್. ಇನ್ನೊಂದು ಕಡೆ ಉದ್ದನೆಯವನು, ಅವನ ಪಕ್ಕ ಊರುಗೋಲು ಹಿಡಿದ ಹಾರ್ಲನ್. ಸಣ್ಣ ಯಂತ್ರದ ಮೇಲೆ ಮಾತನ್ನೆಲ್ಲ ಕುಟ್ಟಿಕೊಳ್ಳುವ ಒಬ್ಬ ಹೆಣ್ಣುಮಗಳು. ಅವಳೇ ಪ್ರಮಾಣ ಮಾಡಿಸಿದ್ದು. ಬೈಬಲ್ ಮುಂದೆ ಚಾಚಿದಳು. ನಾನು ಕೊರಳಲ್ಲಿದ್ದ ಇಷ್ಟಲಿಂಗವನ್ನು ಮುಟ್ಟಿಕೊಂಡು, ನಮ್ಮ ದೇವರು ಇಲ್ಲೇ ಇದ್ದಾನೆ, ಎಲ್ಲ ಕೇಳಿಸಿಕೊಳ್ಳುತ್ತಾನೆ ಎಂದೆ. ಅದನ್ನೂ ಕುಟ್ಟಿಕೊಂಡಳು.

ಬಿಲ್ ಮೊದಲೇ ಪಾಠ ಮಾಡಿದ್ದ. ನಿಜ ಹೇಳಿ, ಕೇಳಿದ್ದಕ್ಕಷ್ಟೇ ಹೇಳಿ. ಗಂಟೆ ಎಷ್ಟೆಂದು ಗೊತ್ತೇ ಎಂದರೆ ಗೊತ್ತು ಎನ್ನಿ, ಗಂಟೆ ಹೇಳಬೇಡಿ. ಅದೆಂಥ ಮಾತುಕತೆ! ನಮ್ಮಲ್ಲಿ ಹಾಗೆ ಉತ್ತರ ಕೊಟ್ಟರೆ ಸೊಸೆಗೆ ಕೊಬ್ಬು ಎನ್ನುತ್ತಾರೆ.

"ಈ ಚಿತ್ರ ನೀವು ಹಾಕಿದ್ದಾ?" ಎಂದ ಉದ್ದನೆಯವನು, ಪಟ ಮುಂದಿಟ್ಟು.

"ಹೌದು. ನಮ್ಮತ್ತೆ ಕಲಿಸಿದ್ದು. ಅವರು ಇದಕ್ಕೆ ಹದಿನೈದು ಚುಕ್ಕಿ ಇಡ್ತಿದ್ರು, ಆಮೇಲೆ ಒಂದು ಬಿಟ್ಟು ಒಂದು..."

ಕುಟ್ಟುವ ಹುಡುಗಿ ನಿಲ್ಲಿ ಎಂದು ಕೈ ಎತ್ತಿದಳು. ಬಿಲ್ ನನ್ನ ಕಡೆ ಕಣ್ಣು ಬಿಟ್ಟ.

"ಮೆಟ್ಟಿಲನ್ನು ಬಚ್ಚಿಡಲು ಹಾಕಿದಿರಾ?"

"ಆಕ್ಷೇಪಣೆ!" ಎಂದ ಬಿಲ್. ನಾನು ಬಾಯಿ ಮುಚ್ಚಿ ಕೂತೆ. ಎಲ್ಲರೂ ನನ್ನನ್ನೇ ನೋಡಿದರು. ಆಮೇಲೆ ಬಿಲ್ಲೇ, "ಉತ್ತರ ಹೇಳಿ" ಎಂದ. ಬೇಡವೆಂದವನೂ ಅವನೇ, ಹೇಳೆನ್ನುವವನೂ ಅವನೇ. ಆಕ್ಷೇಪಣೆ ಬರಹದಲ್ಲಿ ಉಳಿಯುತ್ತದೆ, ಜಡ್ಜರು ಯಾವತ್ತೋ ನೋಡುತ್ತಾರಂತೆ. ನನಗೆ ನಗು ತಡೆಯಲಾಗದೆ ಸೆರಗು ಬಾಯಿಗೆ ಇಟ್ಟುಕೊಂಡೆ. ಹಾರ್ಲನ್ನೂ ನಕ್ಕ. ನೋಡಲು ಕೆಟ್ಟ ಮನುಷ್ಯನ ಹಾಗೆ ಇರಲಿಲ್ಲ.

"ಬಚ್ಚಿಡೋಕಲ್ಲಪ್ಪ, ಬಂದವರಿಗೆ ಕಾಣ್ಲಿ ಅಂತ ಹಾಕೋದು. ದಿನಾ ಹಾಕ್ತೀನಿ."

ಉದ್ದನೆಯವನು ಪಟದ ಮೇಲೆ ಬೆರಳಿಟ್ಟ. ಮೆಟ್ಟಿಲ ಕೈಹಿಡಿ ಕಂಬಿಯ ಪಕ್ಕದ ಮೂಲೆ. "ಇಲ್ಲಿ ಒಂದು ಎಸಳು ಅಳಿಸಿಹೋಗಿದೆ. ಯಾರಾದರೂ ತುಳಿದಿದ್ದರಾ?"

ನನ್ನ ನಗು ಅಲ್ಲೇ ನಿಂತಿತು. ಯಾರೂ ತುಳಿದಿರಲಿಲ್ಲ. ಆ ಮೂಲೆಯ ಎಸಳು ದಿನಾ ಕರಗುತ್ತಿತ್ತು. ಮೆಟ್ಟಿಲೆಲ್ಲ ಒಣಗಿದರೂ ಆ ಅಂಗೈಯಗಲ ಜಾಗದಲ್ಲಿ ತೊಳೆದ ನೀರು ಉಳಿದುಬಿಡುತ್ತಿತ್ತು. ನಾನು ದಿನಾ ಬೈದುಕೊಂಡು ದಿನಾ ತಿದ್ದುತ್ತಿದ್ದೆ. ಅಳತೆಪಟ್ಟಿಗೆ ಸಿಕ್ಕದೆ ಹೋದದ್ದು ನನ್ನ ಪುಡಿಗೆ ಸಿಕ್ಕಿತ್ತು. ಚಳಿಗಾಲದಲ್ಲಿ ಅಲ್ಲಿ ನಿಂತ ನೀರು ಏನಾಗುತ್ತದೆಂದು ಆ ಕ್ಷಣದಲ್ಲೇ ನನಗೆ ಹೊಳೆದದ್ದು. ರೂತಮ್ಮನ ಮುಖ ನೋಡಿದೆ. ಅವರಿಗೇನೂ ಗೊತ್ತಿಲ್ಲ, ನನ್ನನ್ನು ನೋಡಿ ಧೈರ್ಯ ಕೊಡುವ ಹಾಗೆ ತಲೆಯಾಡಿಸಿದರು. ಅಯ್ಯೋ ಶಿವನೇ, ಅನ್ನ ಹಾಕಿದ ಮನೆ! ಯಾರೋ ತುಳಿದರು ಅಂದರೆ ಮುಗಿಯಿತು. ಕೈ ತಾನಾಗಿ ಕೊರಳಿಗೆ ಹೋಯಿತು.

"ಯಾರೂ ತುಳಿದಿಲ್ಲ. ಅಲ್ಲಿ ನೀರು ನಿಲ್ಲುತ್ತೆ," ಎಂದೆ. "ದಿನಾ ನಿಲ್ಲುತ್ತೆ."

ಟಕಟಕ ಎಂದು ಯಂತ್ರ ಅದನ್ನೂ ಕುಟ್ಟಿಕೊಂಡಿತು. ಅವತ್ತು ನನ್ನ ಬಾಯಿಂದ ಬಂದ ಅತಿ ಚಿಕ್ಕ ಉತ್ತರ ಅದೇ. ನನಗೆ ಅಳು ಬಂತು, ಅತ್ತುಬಿಟ್ಟೆ.

ಮೆಟ್ಟಿಲು

ಕಾರಿನಲ್ಲಿ ಬರುವಾಗ ನಡೆದದ್ದನ್ನೆಲ್ಲ ಯಜಮಾನರಿಗೆ ಕನ್ನಡದಲ್ಲಿ ಹೇಳಿದೆ. ಕೋಣೆಗೆ ಬಂದು ಯಜಮಾನರು ಪೆಟ್ಟಿಗೆ ಕೆಳಗಿಳಿಸಿದರು. "ಕಟ್ಟು ಗಂಟು. ಇನ್ನು ಯಾವ ಮುಖ ಇಟ್ಕೊಂಡು ಇಲ್ಲಿರೋದು?" ಎಂದರು. ಆಮೇಲೆ ಆ ಪೆಟ್ಟಿಗೆಯ ಮೇಲೇ ಕೂತು, "ನಾನಾಗಿದ್ರೂ ಹಾಗೇ ಹೇಳ್ಬೇಕಿತ್ತು. ಹೇಳ್ತಿದ್ನೋ ಇಲ್ವೋ," ಎಂದರು.

ಅಷ್ಟರಲ್ಲಿ ಮುಂಬಾಗಿಲ ಸದ್ದು. ಕಿಟಕಿಯಿಂದ ನೋಡಿದರೆ ರೂತಮ್ಮ ಕೆಟಲು ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದಾರೆ. ನಾನು ಚಪ್ಪಲಿಯೂ ಇಲ್ಲದೆ ಕೆಳಗೆ ಓಡಿದೆ. ಅವರು ಮೂರನೆಯ ಮೆಟ್ಟಿಲಿಗೆ ನೀರು ಸುರಿದರು. ಇಬ್ಬರೂ ಕೂತು ನೋಡಿದೆವು. ನೀರು ಹರಡಿತು, ಇಳಿದು ಹೋಯಿತು, ಕಂಬಿಯ ಮೂಲೆಯಲ್ಲಿ ಒಂದಿಷ್ಟು ಉಳಿಯಿತು. ಉಳಿದೇ ಉಳಿಯಿತು.

"ಇಷ್ಟು ವರ್ಷದಿಂದ ತೊಳೀತಿದೀನಿ," ಎಂದರು ರೂತಮ್ಮ. "ತೊಳೆದು ಒಳಗೆ ಹೋಗಿಬಿಡ್ತಿದ್ದೆ. ಅವನು ಕುಡಿದಿರಲಿಲ್ಲ, ಗಿರಿಜಾ."

ನಾನು ಅವರ ಕೈ ಹಿಡಿದುಕೊಂಡೆ. ಬಿಡಿಸಿಕೊಳ್ಳಲಿಲ್ಲ.

ಜಡ್ಜರ ಕೊಠಡಿ

ವಿಚಾರಣೆಗೆ ಮುಂಚೆ ಜಡ್ಜರು ಎರಡೂ ಕಡೆಯವರನ್ನು ತಮ್ಮ ಕೊಠಡಿಗೆ ಕರೆದು, ನಿಮ್ಮಿಬ್ಬರಿಗೂ ಒಪ್ಪಿಗೆ ಯಾವುದು, ಜಗಳ ಯಾವುದು, ಯಾವ ಸಾಕ್ಷಿ ಎಂದು ಹರವಿಕೊಂಡು ಕೂರುತ್ತಾರೆ. ಪರದೇಶದ ವಕೀಲರೆಂದು ಯಜಮಾನರಿಗೆ ಒಳಗೆ ಒಂದು ಕುರ್ಚಿ ಸಿಕ್ಕಿತು. ನಾನು ಹೊರಗೆ, ಈ ಸಲ ನನ್ನ ಕೈಚೀಲ ನಾನೇ ಹಿಡಿದುಕೊಂಡು. ಒಳಗೆ ನಡೆದದ್ದನ್ನು ಅವರು ಆಮೇಲೆ ಹೇಳಿದರು.

ಜಡ್ಜರು ನನ್ನ ಕಮಲದ ಪಟವನ್ನು ಬಹಳ ಹೊತ್ತು ನೋಡಿದರಂತೆ. ಬಿಲ್ ಏನೋ ಹೇಳಲು ಎದ್ದರೆ ರೂತಮ್ಮ ಅವನ ಕೋಟು ಹಿಡಿದು ಕೂರಿಸಿ, ನೇರ ಹಾರ್ಲನ್ನನ ಕಡೆ ತಿರುಗಿ, "ನೀನು ಕುಡಿದಿದ್ದೆ ಅಂತ ನನ್ನ ಹೆಸರಲ್ಲಿ ಬರೆದಿದ್ದಾರೆ. ಅದು ಸುಳ್ಳು. ನನ್ನ ಮೆಟ್ಟಿಲು ಸರಿಯಿಲ್ಲ," ಎಂದರಂತೆ.

ಹಾರ್ಲನ್ ಊರುಗೋಲನ್ನು ಪಕ್ಕಕ್ಕೆ ಒರಗಿಸಿದನಂತೆ. "ದಾವೆ ಹಾಕಿದ್ದು ಸೊಂಟಕ್ಕೆ, ರೂತ್," ಎಂದನಂತೆ. "ಬಿಡದೆ ಹಿಡಿದಿದ್ದು ಆ ಮಾತಿಗೆ."

ಊಟದ ಹೊತ್ತಿಗೆ ರಾಜಿ. ಆಸ್ಪತ್ರೆಯ ಖರ್ಚನ್ನು ರೂತಮ್ಮ ಸ್ವಲ್ಪ ಸ್ವಲ್ಪವಾಗಿ ತೀರಿಸುವುದು, ಮೆಟ್ಟಿಲು ಬದಲಾಯಿಸುವುದು. ಮನೆ ಉಳಿಯಿತು. ಎರಡೂ ಕಡೆಯವರು ರುಜು ಹಾಕಿದರು, ದಾವೆ ಮುಗಿಯಿತು. ನಾನು ಕಾರಿಡಾರಿನಲ್ಲೇ ಕೈ ಚಪ್ಪಾಳೆ ತಟ್ಟಿ ಕುಣಿದೆ. ಕಾವಲಿನವನು ಹತ್ತಿರ ಬಂದ. ಅವನ ಕೈಯನ್ನೂ ಕುಲುಕಿದೆ.

ಮುಖ ಬಿದ್ದದ್ದು ಒಬ್ಬರದೇ. ಹನ್ನೆರಡು ಜನ ಊರಿನವರು ಜ್ಯೂರಿಯಾಗಿ ಕೂತು ಸಿವಿಲ್ ದಾವೆ ತೀರ್ಮಾನಿಸುವುದನ್ನು ನೋಡಲೆಂದು ಏಳು ಸಮುದ್ರ ದಾಟಿ ಬಂದಿದ್ದರು ಪಾಪ. "ಎಲೆ ಹಾಕಿ, ನೀರು ಚಿಮುಕಿಸಿ, ಊಟ ಇಲ್ಲ ಏಳಿ ಅಂದ ಹಾಗಾಯ್ತು," ಎಂದು ಗೊಣಗಿದರು. ಇಲ್ಲಿ ಬಹಳಷ್ಟು ದಾವೆಗಳು ಹೀಗೇ ಮುಗಿಯುತ್ತವೆ, ಎಲ್ಲ ಮೊದಲೇ ಗೊತ್ತಾದ ಮೇಲೆ ಹೊಡೆದಾಡುವುದಕ್ಕೆ ಏನು ಉಳಿಯುತ್ತದೆ ಎಂದು ಜಡ್ಜರೇ ಸಮಾಧಾನ ಹೇಳಿದರಂತೆ. ನಮ್ಮಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎನ್ನುತ್ತಾರೆ. ಇಲ್ಲಿ ಇಬ್ಬರೂ ಬದುಕಿ, ಸಂಜೆ ನಮ್ಮ ಜೊತೆ ಚಿತ್ರಾನ್ನ ತಿಂದರು. ಹಾರ್ಲನ್ ಪಿಯಾನೋ ಮುಚ್ಚಳ ತೆಗೆದು ಒಂದು ಸ್ವರದ ಮನೆ ಒತ್ತಿ, ಅಯ್ಯೋ ಎಂದು ಕಿವಿ ಮುಚ್ಚಿಕೊಂಡ.

ಜಯನಗರ

ಬಂದ ಮಾರನೆ ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ಒಳಗೆ ಬಂದು ಬಿಂದಿಗೆ ತುಂಬಿಸಿಕೊಂಡು ಸೊಂಟದ ಮೇಲಿಟ್ಟೆ. ಯಜಮಾನರು ಜಗಲಿಯ ಮೇಲೆ ಪೇಪರು ಓದುತ್ತಿದ್ದರು. ಮಧ್ಯಾಹ್ನ ಅವರಿಗೆ ಚರಂಡಿ ದಾವೆಯ ವಾಯಿದೆ.

"ಎಲ್ಲಿಗೇ ಹೊರಟೆ, ಬಿಂದಿಗೆ ಹೊತ್ಕೊಂಡು?"

"ಡಿಪೊಸಿಷನ್ನಿಗೆ."

ಪೇಪರು ಕೆಳಗಿಳಿಯಿತು. ನಾನು ತಿರುಗಿ ನೋಡಲಿಲ್ಲ. ಪಕ್ಕದ ಗೇಟು ತುಕ್ಕು ಹಿಡಿದು ಕಿರ್ ಎಂದಿತು. ಅಷ್ಟು ವರ್ಷದಲ್ಲಿ ನಾನು ಅದನ್ನು ತೆಗೆದೇ ಇರಲಿಲ್ಲ. ಫಿಲಡೆಲ್ಫಿಯದಲ್ಲಿ ನಾನು ಇಷ್ಟು ಹೆದರಿರಲಿಲ್ಲ. ಕಮಲಮ್ಮ ಬಾಗಿಲಿಗೆ ಬಂದರು. ಕೂದಲು ಅರ್ಧ ಬೆಳ್ಳಗಾಗಿತ್ತು. ಪಕ್ಕದ ಮನೆಯಲ್ಲಿದ್ದುಕೊಂಡು ನಾನು ಅದನ್ನು ನೋಡಿರಲೇ ಇಲ್ಲ.

"ನಮ್ಮ ಬಚ್ಚಲಿಗೂ ನಿಮ್ಮ ಬಚ್ಚಲಿಗೂ ನೀರು ಹಾಕಿ ನೋಡೋಣ, ಎಲ್ಲಿಂದ ಬರುತ್ತೆ ಅಂತ," ಎಂದೆ ಒಂದೇ ಉಸಿರಿಗೆ. "ನಮ್ಮದೇ ಆಗಿದ್ರೆ ನಮ್ಮದೇ ಅಂತೀನಿ."

ಕಮಲಮ್ಮ ನನ್ನ ಮುಖ ನೋಡಿದರು, ಬಿಂದಿಗೆ ನೋಡಿದರು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಒಂದು ಬಿಂದಿಗೆ ಯಾವ ಮೂಲೆಗೆ ಸಾಲುತ್ತೆ ಗಿರಿಜಮ್ಮ? ತಾಳಿ, ನಮ್ದೂ ತರ್ತೀನಿ."